‘ರೀಸನಬಲ್’ ಅಂದರೆ ಯಾರ ಎಣಿಕೆ ಸ್ವಾಮಿ?



ಇವತ್ತು ಒಂದೇ ಒಂದು ಇಂಗ್ಲಿಷ್ ಪದದ ಜಾತಕ ಬಿಚ್ಚುತ್ತೇನೆ. ‘ರೀಸನಬಲ್’. ಈ ಪದ ನಿಮಗೆ ಹೊಸದಲ್ಲ. ಸೀರೆ ಅಂಗಡಿಯವನು ‘ರೇಟು ರೀಸನಬಲ್ ಸಾರ್’ ಅಂದಿದ್ದಾನೆ. ಮನೆ ಬ್ರೋಕರು ‘ಅಡ್ವಾನ್ಸು ರೀಸನಬಲ್ಲಾಗಿದೆ’ ಅಂದಿದ್ದಾನೆ. ಅಲ್ಲಿ ಈ ಪದ ಸಾಧು ಪ್ರಾಣಿ. ಬೇಡವಾದರೆ ಪಕ್ಕದ ಅಂಗಡಿಗೆ ಹೋಗುತ್ತೀರಿ, ಅಷ್ಟೆ.

ಆದರೆ ಇದೇ ಪದ ಕಪ್ಪು ಕೋಟು ತೊಟ್ಟು ನ್ಯಾಯಾಲಯಕ್ಕೆ ಬಂದಾಗ? ಸಾಲಪತ್ರದ ಸಣ್ಣ ಅಕ್ಷರದಲ್ಲಿ ಅಡಗಿ ಕೂತಾಗ? ಸಂವಿಧಾನದ 19ನೇ ವಿಧಿಯೊಳಗೆ ಕಾವಲು ನಿಂತಾಗ? ಆಗ ನಿಮ್ಮ ಜೇಬು, ನಿಮ್ಮ ಬಾಯಿ, ನಿಮ್ಮ ಸಂಘ, ನಿಮ್ಮ ಪತ್ರಿಕೆ ಎಲ್ಲವೂ ಈ ಒಂದು ಪದದ ಕೈಯಲ್ಲಿ!

ನಾನು ವಕೀಲನಲ್ಲ. ಪಿಯುಸಿ ಮುಗಿಸಿ ಪ್ರೆಸ್ಸಿನಲ್ಲಿ ಕೂತವನು. ಅಚ್ಚುಮೊಳೆ ಜೋಡಿಸುವವರು ಅಕ್ಷರವನ್ನು ಉಲ್ಟಾ ಓದುತ್ತಾರೆ. ನಮ್ಮ ತಂದೆಯಿಂದ ಕಲಿತ ಆ ಚಟ ಆಫ್‌ಸೆಟ್ ಬಂದ ಮೇಲೂ ನನ್ನನ್ನು ಬಿಟ್ಟಿಲ್ಲ. ಪದವನ್ನು ಮುಂದಿನಿಂದ ಓದಿದರೆ ಸಾಲದು, ಹಿಂದಿನಿಂದಲೂ ನೋಡಬೇಕು. ನೋಡೋಣ ಬನ್ನಿ.

ಇದು ಇಂಗ್ಲಿಷರ ಮನೆಮಗಳಲ್ಲ. ಮೂಲ ಲ್ಯಾಟಿನ್ನಿನ ‘ರೇಷಿಯೋ’. ಲೆಕ್ಕ, ಎಣಿಕೆ ಎಂದು ಅದರ ಅರ್ಥ. ಅದು ಫ್ರೆಂಚರ ಮನೆ ಹೊಕ್ಕು, ಅಲ್ಲಿಂದ ಇಂಗ್ಲೆಂಡಿಗೆ ಬಂದು ‘ರೀಸನ್’ ಆಯಿತು. ನಾವು ಕಾರ್ಡು ಹಿಡಿದು ಸಾಲು ನಿಲ್ಲುತ್ತೇವಲ್ಲ, ಆ ‘ರೇಷನ್’ ಕೂಡ ಅದೇ ಹೊಟ್ಟೆಯಲ್ಲಿ ಹುಟ್ಟಿದ್ದು. ಎಣಿಸಿ ಕೊಡುವ ಪಾಲು ರೇಷನ್, ಎಣಿಸಿ ಆಡುವ ಮಾತು ರೀಸನ್.

ಈಗ ಕನ್ನಡಕ್ಕೆ ಬನ್ನಿ. ‘ಎಣಿಸು’ ಅಂದರೆ ಏನು? ದುಡ್ಡು ಎಣಿಸುವುದೂ ಹೌದು, ಯೋಚಿಸುವುದೂ ಹೌದು. ಕರಾವಳಿಯವರು ‘ನಾನು ಹಾಗೆ ಎಣಿಸಲಿಲ್ಲ’ ಅನ್ನುತ್ತಾರೆ. ಬಯಲುಸೀಮೆಯವರು ‘ನನ್ನ ಲೆಕ್ಕದಲ್ಲಿ ಅವನದ್ದೇ ತಪ್ಪು’ ಅನ್ನುತ್ತಾರೆ. ಲ್ಯಾಟಿನ್ನಿನವರು ಲೆಕ್ಕದಿಂದ ವಿವೇಕಕ್ಕೆ ನಡೆದ ದಾರಿಯನ್ನೇ ನಮ್ಮ ಅಜ್ಜ ಅಜ್ಜಿಯರೂ ತಮ್ಮ ಪಾಡಿಗೆ ನಡೆದಿದ್ದಾರೆ. ‘ಇಂಥ ಸೂಕ್ಷ್ಮ ಪದಕ್ಕೆ ಕನ್ನಡದಲ್ಲಿ ಸಮಾನಪದ ಇಲ್ಲ’ ಎಂದು ಮೂಗು ಮುರಿಯುವ ಮಹನೀಯರಿಗೆ ಇದು ಮೊದಲ ಉತ್ತರ.

ಎರಡನೆಯ ಉತ್ತರವೂ ಇದೆ. ಇಂಗ್ಲಿಷಿನಲ್ಲಿ ಕಾರಣಕ್ಕೂ ‘ರೀಸನ್’, ವಿವೇಕಕ್ಕೂ ‘ರೀಸನ್’. ನಾವು ಹಾಗೆ ಕಲಬೆರಕೆ ಮಾಡುವುದಿಲ್ಲ. ಕಾರಣವೇ ಬೇರೆ, ವಿವೇಕವೇ ಬೇರೆ, ನ್ಯಾಯವೇ ಬೇರೆ. ಜೇಬುಕಳ್ಳನಿಗೂ ಕದಿಯಲು ಕಾರಣ ಇರುತ್ತದೆ. ಹಾಗಂತ ಅವನ ಕೆಲಸ ನ್ಯಾಯವಾಯಿತೇ? ಅಳತೆ ಮೀರದ್ದಕ್ಕೆ ‘ಹದ’ ಅನ್ನುತ್ತೇವೆ. ಒಪ್ಪಬಹುದಾದ ಬೆಲೆಗೆ ಉತ್ತರ ಕರ್ನಾಟಕದವರು ‘ವಾಜಬಿ’ ಅನ್ನುತ್ತಾರೆ. ರೇಷನ್ ಅಂಗಡಿಯ ಬೋರ್ಡಿನ ಮೇಲೆ ಏನಿದೆ? ನ್ಯಾಯಬೆಲೆ ಅಂಗಡಿ! ಪದಕ್ಕೆ ಬರವೆಲ್ಲಿದೆ ಸ್ವಾಮಿ? ಬರ ಇರುವುದು ಮನಸ್ಸಿಗೆ.

ಸರಿ, ಕಾನೂನಿನಲ್ಲಿ ಈ ‘ರೀಸನಬಲ್’ ಅನ್ನು ಅಳೆಯುವುದು ಹೇಗೆ? 1837ರ ಇಂಗ್ಲೆಂಡಿನ ಒಂದು ಮೊಕದ್ದಮೆ ಕೇಳಿ. ಮೆನ್ಲವ್ ಎಂಬುವನು ನೆರೆಯವನ ಗುಡಿಸಲುಗಳ ಹತ್ತಿರ ಹುಲ್ಲಿನ ಬಣವೆ ಒಟ್ಟಿದ. ಬೆಂಕಿ ಹತ್ತೀತು ಎಂದು ಜನ ಎಚ್ಚರಿಸಿದರು. ಆದದ್ದಾಗಲಿ ಎಂದ. ಬೆಂಕಿ ಹತ್ತಿತು, ಗುಡಿಸಲು ಸುಟ್ಟವು. ನ್ಯಾಯಾಲಯದಲ್ಲಿ ಅವನ ಪರ ವಾದ ಏನು ಗೊತ್ತೇ? ‘ನನಗಿರುವ ಬುದ್ಧಿ ಇಷ್ಟೇ, ಇದ್ದ ಬುದ್ಧಿಯಲ್ಲಿ ನಡೆದುಕೊಂಡಿದ್ದೇನೆ!’ ನ್ಯಾಯಾಧೀಶರು ಒಪ್ಪಲಿಲ್ಲ. ನಿನ್ನ ಬುದ್ಧಿಯ ಅಳತೆ ನಮಗೆ ಬೇಡ, ಸಾಮಾನ್ಯ ಎಚ್ಚರಿಕೆಯುಳ್ಳ ಮನುಷ್ಯ ಹೇಗೆ ನಡೆಯುತ್ತಿದ್ದ ಎನ್ನುವುದೇ ಅಳತೆ ಎಂದರು.

ಅಲ್ಲಿಂದ ಮುಂದೆ ಇಂಗ್ಲಿಷ್ ಕಾನೂನಿನಲ್ಲಿ ‘ರೀಸನಬಲ್ ಮ್ಯಾನ್’ ಎಂಬ ಮಹಾಶಯ ಬೆಳೆದು ನಿಂತ. ಲಂಡನ್ನಿನ ಕ್ಲಾಪಮ್ ಬಸ್ಸಿನಲ್ಲಿ ಓಡಾಡುವ ಸಾಧಾರಣ ಮನುಷ್ಯ ಎಂದು ಅವನನ್ನು ಕರೆದರು. ಅಂದರೆ ಪಂಡಿತನಲ್ಲ, ಲಾರ್ಡ್ ಅಲ್ಲ. ಚೀಟಿ ಹರಿಸಿಕೊಂಡು ಬಸ್ಸಿನಲ್ಲಿ ಕೂರುವವನು. ಇದು ಒಳ್ಳೆಯ ಮಾತೇ. ನಾನು ಒಪ್ಪುತ್ತೇನೆ.

ಆದರೆ ಬಂಧುಗಳೇ, ಆ ಬಸ್ಸನ್ನು ಕರ್ನಾಟಕಕ್ಕೆ ತನ್ನಿ. ಇಲ್ಲಿ ಆ ಮನುಷ್ಯ ಯಾರು? ತುಮಕೂರು, ಹಾವೇರಿ, ಸಿಂಧನೂರಿನ ಕೆಂಪು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತ ರೈತ. ಬುಟ್ಟಿ ಇಟ್ಟುಕೊಂಡ ಹೂವಿನವಳು. ‘ಅವರ ಸ್ಥಾನದಲ್ಲಿ ನಿಂತು ಯೋಚಿಸು’ ಎನ್ನುವುದೇ ಕಾನೂನು. ಹಾಗಿದ್ದ ಮೇಲೆ ಅವರು ಯೋಚಿಸುವ ಭಾಷೆ ಯಾವುದು? ಅವರ ಎಣಿಕೆ ಏನೆಂದು ಅವರಿಗೆ ತಿಳಿಯದ ಭಾಷೆಯಲ್ಲಿ ವಾದ, ಅವರಿಗೆ ತಿಳಿಯದ ಭಾಷೆಯಲ್ಲಿ ತೀರ್ಪು! ಬಸ್ಸಿನಲ್ಲಿ ಕೂತವನ ಹೆಸರಿನಲ್ಲಿ ಬಸ್ಸು ಓಡಿಸಿ, ಅವನನ್ನೇ ಕೆಳಗಿಳಿಸಿದಂತೆ!

ನಮ್ಮ ಸಂವಿಧಾನದ ಕಥೆ ನೋಡಿ. 1950ರಲ್ಲಿ ಸರ್ಕಾರಗಳು ಪತ್ರಿಕೆಗಳ ಮೇಲೆ ಹೇರಿದ್ದ ನಿರ್ಬಂಧಗಳನ್ನು ಸುಪ್ರೀಂ ಕೋರ್ಟು ರದ್ದು ಮಾಡಿತು. ರೊಮೇಶ್ ಥಾಪರ್ ಅವರ ‘ಕ್ರಾಸ್ ರೋಡ್ಸ್’ ಪತ್ರಿಕೆಯ ಪ್ರಕರಣ ಅದರಲ್ಲೊಂದು. 1951ರಲ್ಲಿ ಮೊದಲ ತಿದ್ದುಪಡಿ ಬಂತು. ಮಾತಿನ ಸ್ವಾತಂತ್ರ್ಯಕ್ಕೆ ಹಾಕಬಹುದಾದ ನಿರ್ಬಂಧಗಳ ಪಟ್ಟಿ ಉದ್ದವಾಯಿತು. ಜೊತೆಗೆ ಆ ನಿರ್ಬಂಧ ‘ರೀಸನಬಲ್’ ಆಗಿರಬೇಕು ಎಂಬ ಪದವೂ ಸೇರಿತು. ಈ ಪದ ಸರ್ಕಾರದ ಕೈಗೆ ಕೊಟ್ಟ ಕೋಲೂ ಹೌದು, ಆ ಕೈಗೆ ಹಾಕಿದ ಕಡಿವಾಣವೂ ಹೌದು. 2015ರಲ್ಲಿ ಐಟಿ ಕಾಯಿದೆಯ 66ಎ ಕಲಮನ್ನು ಸುಪ್ರೀಂ ಕೋರ್ಟು ಹೊಡೆದುಹಾಕಿದ್ದು ಆ ಕಡಿವಾಣ ಜಗ್ಗಿಯೇ. ಪದ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ.

1952ರಲ್ಲಿ ಮದ್ರಾಸ್ ಸರ್ಕಾರ ಮತ್ತು ವಿ.ಜಿ. ರಾವ್ ನಡುವಿನ ಮೊಕದ್ದಮೆಯಲ್ಲಿ ಮುಖ್ಯ ನ್ಯಾಯಮೂರ್ತಿ ಪತಂಜಲಿ ಶಾಸ್ತ್ರಿಗಳು ಮುಚ್ಚುಮರೆ ಇಲ್ಲದೆ ಹೇಳಿದರು: ‘ರೀಸನಬಲ್’ ಎನ್ನುವುದಕ್ಕೆ ಎಲ್ಲಕ್ಕೂ ಒಪ್ಪುವ ಒಂದೇ ಅಳತೆ ಇಲ್ಲ. ಯಾವ ಹಕ್ಕು, ಯಾವ ಉದ್ದೇಶ, ಎಷ್ಟು ನಿರ್ಬಂಧ, ಕಾಲ ಎಂಥದ್ದು ಎಲ್ಲ ತೂಗಬೇಕು. ತೂಗುವ ನ್ಯಾಯಾಧೀಶನ ಸ್ವಂತ ಮೌಲ್ಯಗಳೂ ಅದರಲ್ಲಿ ಸೇರಿಯೇ ಸೇರುತ್ತವೆ. ಆದರೆ ಸಂವಿಧಾನ ತನ್ನಂತೆ ಯೋಚಿಸುವವರಿಗೆ ಮಾತ್ರವಲ್ಲ, ಎಲ್ಲರಿಗೂ ಸೇರಿದ್ದೆಂಬ ನೆನಪು ಅವನಿಗಿರಬೇಕು. ಎಂಥ ದೊಡ್ಡ ಮಾತು! ಅಂದಮೇಲೆ ಕೇಳುತ್ತೇನೆ: ಎಲ್ಲರಿಗೂ ಸೇರಿದ್ದನ್ನು ಎಲ್ಲರಿಗೂ ತಿಳಿಯುವಂತೆ ಆಡುವುದು ‘ರೀಸನಬಲ್’ ಅಲ್ಲವೇ?

ಇದೆಲ್ಲ ದೆಹಲಿಯ ಮಾತು, ನಮಗೇನು ಅನ್ನಬೇಡಿ. 1872ರ ಕರಾರು ಕಾಯಿದೆಯ 46ನೇ ಕಲಮು ನೋಡಿ. ಕರಾರಿನಲ್ಲಿ ಗಡುವು ಬರೆದಿಲ್ಲದಿದ್ದರೆ ಕೆಲಸವನ್ನು ‘ರೀಸನಬಲ್’ ಸಮಯದಲ್ಲಿ ಮುಗಿಸಬೇಕು. ಅದು ಎಷ್ಟು ಸಮಯ? ಆಯಾ ಸಂದರ್ಭಕ್ಕೆ ಬಿಟ್ಟದ್ದು ಎನ್ನುತ್ತದೆ ಅದೇ ಕಲಮು. ಮದುವೆ ಪತ್ರಿಕೆಗೆ ಮೂರು ದಿನ ನ್ಯಾಯ, ಮುನ್ನೂರು ಪುಟದ ಪುಸ್ತಕಕ್ಕೆ ಮೂರು ದಿನ ಅನ್ಯಾಯ. ಇದು ಪ್ರೆಸ್ಸಿನ ಹುಡುಗನಿಗೂ ಗೊತ್ತು. ಕನ್ನಡದಲ್ಲಿ ಹೇಳಿದರೆ ಗಿರಾಕಿಗೂ ಗೊತ್ತಾಗುತ್ತದೆ.

ನಾನೇ ಮೆಷಿನ್ನಿಗೆ ಸಾಲ ತೆಗೆದಾಗ ಒಂದು ಹಣಕಾಸು ಸಂಸ್ಥೆಯವರು ಇಂಗ್ಲಿಷ್ ಕಾಗದಗಳ ಕಂತೆ ಮುಂದಿಟ್ಟರು. ‘ರೀಸನಬಲ್ ಚಾರ್ಜಸ್’ ಎಂಬ ಸಾಲು ಕಂಡು ಎಷ್ಟು ಎಂದು ಕೇಳಿದೆ. ‘ಮಾಮೂಲಿ ಸಾರ್, ಫಾರ್ಮಾಲಿಟಿ’ ಎಂದರು. ಕಂತು ತೀರಿಸುವ ಹೊತ್ತಿಗೆ ಆ ಮಾಮೂಲಿಗೆ ಸಾವಿರಗಟ್ಟಲೆ ಬಾಲ ಬೆಳೆದಿತ್ತು. ಲೆಕ್ಕ ಕೇಳಿದರೆ ಅದೇ ಸಾಲಿನ ಮೇಲೆ ಬೆರಳಿಟ್ಟರು. ‘ನ್ಯಾಯವಾದ ಖರ್ಚು’ ಎಂದು ಕನ್ನಡದಲ್ಲಿ ಅಚ್ಚಾಗಿದ್ದರೆ ನಾಲ್ಕು ಜನರ ಮುಂದೆ ‘ಇದು ಯಾವ ನ್ಯಾಯ?’ ಎಂದು ಕೇಳಬಹುದಿತ್ತು. ‘ರೀಸನಬಲ್’ ಮುಂದೆ ಆ ನಾಲ್ಕು ಜನವೂ ಬಾಯಿ ಮುಚ್ಚುತ್ತಾರೆ. ಇದೇ ಈ ಪದದ ಮಾಯೆ!

ಮೇಲಿನ ನ್ಯಾಯಾಲಯದ ಸಂಗತಿ ಇನ್ನೂ ಗಂಭೀರ. ಸಂವಿಧಾನದ 348ನೇ ವಿಧಿಯಂತೆ ಹೈಕೋರ್ಟಿನ ಭಾಷೆ ಇಂಗ್ಲಿಷ್. ವಿಧಾನಮಂಡಲ ಕನ್ನಡದಲ್ಲೇ ಕಾಯಿದೆ ಮಾಡಿದರೂ ರಾಜ್ಯಪತ್ರದಲ್ಲಿ ಪ್ರಕಟವಾದ ಇಂಗ್ಲಿಷ್ ಅನುವಾದವೇ ಅಧಿಕೃತ! ತಾಯಿಯನ್ನು ಹೊರಗೆ ನಿಲ್ಲಿಸಿ ಅವಳ ಫೋಟೋಗೆ ಹಾರ ಹಾಕಿದ ಹಾಗೆ. ರಾಷ್ಟ್ರಪತಿಗಳ ಒಪ್ಪಿಗೆ ಪಡೆದು ರಾಜ್ಯಭಾಷೆಯನ್ನು ಹೈಕೋರ್ಟಿನಲ್ಲಿ ಬಳಸಲು ಅದೇ ವಿಧಿಯಲ್ಲಿ ದಾರಿಯಿದೆ. ಆ ದಾರಿಯಲ್ಲಿ ರಾಜಸ್ಥಾನ, ಉತ್ತರ ಪ್ರದೇಶ, ಮಧ್ಯಪ್ರದೇಶ, ಬಿಹಾರಗಳಲ್ಲಿ ಹಿಂದಿ ಒಳಗೆ ಹೋಯಿತು. ಕನ್ನಡ, ತಮಿಳು, ಬಂಗಾಳಿ, ಗುಜರಾತಿಗಳು ಬಾಗಿಲು ತಟ್ಟಿದಾಗ 2012ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳ ಸಭೆ ಒಪ್ಪಲಿಲ್ಲ. ಹಿಂದಿಗೆ ‘ರೀಸನಬಲ್’ ಆದದ್ದು ಕನ್ನಡಕ್ಕೆ ಯಾಕಲ್ಲ? ಇದಕ್ಕೆ ಉತ್ತರ ಕೊಡಿ!

‘ಕಾನೂನಿನ ಭಾಷೆ ಬದಲಿಸಿದರೆ ಕಾನೂನೇ ಕುಸಿಯುತ್ತದೆ’ ಎನ್ನುವವರು ಇಂಗ್ಲಿಷರ ಇತಿಹಾಸ ಓದಲಿ. ಒಂದು ಕಾಲಕ್ಕೆ ಇಂಗ್ಲೆಂಡಿನ ನ್ಯಾಯಾಲಯಗಳಲ್ಲಿ ಫ್ರೆಂಚು, ಲ್ಯಾಟಿನ್ನುಗಳದ್ದೇ ದರ್ಬಾರು. 1362ರಲ್ಲಿ ಮೂರನೇ ಎಡ್ವರ್ಡನ ಕಾಲದಲ್ಲಿ ಶಾಸನವಾಯಿತು: ಜನಕ್ಕೆ ಫ್ರೆಂಚು ತಿಳಿಯದು, ಆದ್ದರಿಂದ ವಾದ ಇಂಗ್ಲಿಷಿನಲ್ಲಿ ನಡೆಯಲಿ. ತಮಾಷೆಯೆಂದರೆ ಆ ಶಾಸನವನ್ನೂ ಫ್ರೆಂಚಿನಲ್ಲೇ ಬರೆದಿದ್ದರು! ದಾಖಲೆಗಳಿಂದಲೂ ಪರಭಾಷೆ ಹೊರಗೆ ಹೋಗಲು 1733ರವರೆಗೆ ಕಾಯಬೇಕಾಯಿತು. ಇಂಗ್ಲೆಂಡಿನ ಕಾನೂನು ಕುಸಿಯಿತೇ? ಫ್ರೆಂಚಿನಿಂದ ಬಂದ ‘ರೀಸನ್’ ಪದವನ್ನು ತಮ್ಮದು ಮಾಡಿಕೊಂಡೇ ಅವರು ಕಾನೂನು ಕಟ್ಟಿದರು. ಅವರು ಮಾಡಿದ್ದನ್ನು ನಾವೂ ಮಾಡುತ್ತೇವೆ ಅಂದರೆ ಅದು ಹುಚ್ಚೇ?

ಸ್ವಲ್ಪ ಬೆಳಕೂ ಇದೆ, ಹೇಳದಿದ್ದರೆ ಅನ್ಯಾಯ. ಕೆಳಗಿನ ನ್ಯಾಯಾಲಯಗಳಲ್ಲಿ ಕನ್ನಡಕ್ಕೆ ಅವಕಾಶವಿದೆ. ಕನ್ನಡದಲ್ಲಿ ತೀರ್ಪು ಬರೆದ ನ್ಯಾಯಾಧೀಶರಿದ್ದಾರೆ, ಅವರಿಗೆ ಕೈ ಮುಗಿಯುತ್ತೇನೆ. 2019ರಿಂದ ಸುಪ್ರೀಂ ಕೋರ್ಟಿನ ಕೆಲವು ತೀರ್ಪುಗಳು ಕನ್ನಡಕ್ಕೆ ಅನುವಾದವಾಗುತ್ತಿವೆ. 2024ರ ಡಿಸೆಂಬರಿನಲ್ಲಿ ನಮ್ಮ ಹೈಕೋರ್ಟಿನ ಪೀಠವೊಂದು ಇಂಗ್ಲಿಷಿನ ಜೊತೆಗೆ ಕನ್ನಡದಲ್ಲೂ ತೀರ್ಪು ಕೊಟ್ಟಿತು. ಕನ್ನಡದಲ್ಲಿ ಆಗುವುದಿಲ್ಲ ಎಂದವರ ಬಾಯಿ ಅಂದೇ ಮುಚ್ಚಬೇಕಿತ್ತು.

ಹಾಗಾದರೆ ನಾವೇನು ಮಾಡಬೇಕು? ಕೂಗಿದರೆ ಸಾಲದು.

ಒಂದು, ಸಾಲದ ಕಾಗದಕ್ಕೆ ಸಹಿ ಮಾಡುವ ಮುಂಚೆ ಕನ್ನಡ ಪ್ರತಿ ಕೇಳಿ. ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ವ್ಯವಹರಿಸಬೇಕೆಂದು ಹಣಕಾಸು ಕಂಪನಿಗಳಿಗೆ ರಿಸರ್ವ್ ಬ್ಯಾಂಕಿನ ನಿರ್ದೇಶನವೇ ಇದೆ. ಅದು ಭಿಕ್ಷೆಯಲ್ಲ. ‘ರೀಸನಬಲ್’ ಎಂದು ಕಂಡಲ್ಲೆಲ್ಲ ‘ಎಷ್ಟು ರೂಪಾಯಿ, ಎಷ್ಟು ದಿನ? ಅಂಕಿಯಲ್ಲಿ ಬರೆಯಿರಿ’ ಎನ್ನಿ.

ಎರಡು, ವಕೀಲ ಮಿತ್ರರೇ, ಅವಕಾಶವಿರುವ ನ್ಯಾಯಾಲಯದಲ್ಲಾದರೂ ಕನ್ನಡದಲ್ಲಿ ವಾದಿಸಿ. ‘ಯುಕ್ತ’, ‘ಸಮಂಜಸ’ ಎಂಬ ಕಚೇರಿ ಪದಗಳ ಹಿಂದೆಯೂ ಅಡಗಬೇಡಿ. ‘ಇದು ನ್ಯಾಯವೇ, ಇದು ಹದವೇ’ ಎಂದು ಕೇಳಿ. ಕಕ್ಷಿದಾರ ಹಿಂದಿನ ಬೆಂಚಿನಲ್ಲಿ ಕೂತು ತನ್ನ ಮೊಕದ್ದಮೆ ತಾನೇ ಕೇಳಿಸಿಕೊಳ್ಳಲಿ.

ಮೂರು, ಮತ ಕೇಳಲು ಬರುವವರನ್ನು ಹಿಡಿದು ಕೇಳಿ: ಹೈಕೋರ್ಟಿಗೆ ಕನ್ನಡ ತರಲು 348ನೇ ವಿಧಿಯ ದಾರಿಯನ್ನು ಮತ್ತೆ ಯಾವಾಗ ಹಿಡಿಯುತ್ತೀರಿ? ದಿನಾಂಕ ಹೇಳಿ. ‘ರೀಸನಬಲ್ ಟೈಮ್’ ಅಂದರೆ ಒಪ್ಪಬೇಡಿ!