ಡಿಗ್ರಿ ಓದುವಾಗಲೇ ಸಂಶೋಧನೆ: ಅರ್ಜಿ ಹಾಕುವುದು ಹೇಗೆ?

ಬಿ.ಎಸ್ಸಿ. ಓದುವ ಹುಡುಗಿಯೊಬ್ಬಳು ಬೇಸಿಗೆಯಲ್ಲಿ ಎರಡು ತಿಂಗಳು ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ವಿಜ್ಞಾನಿಗಳ ಜೊತೆ ಕೂತು ಕೆಲಸ ಮಾಡಬಹುದು. ಅದಕ್ಕೆ ಅವಳು ದುಡ್ಡು ಕಟ್ಟಬೇಕಿಲ್ಲ, ಅವಳಿಗೇ ತಿಂಗಳ ಭತ್ಯೆ ಸಿಗುತ್ತದೆ. ಭಟ್ಕಳ, ಹೊನ್ನಾವರ, ಕುಮಟಾದ ಎಷ್ಟೋ ಮನೆಗಳಲ್ಲಿ ಈ ಮಾತು ಹೇಳಿದರೆ ನಂಬುವುದು ಕಷ್ಟ. ನೀಟ್, ಸಿಇಟಿ ಬಗ್ಗೆ ಊರಿಗೆಲ್ಲ ಗೊತ್ತು. ಪದವಿ ಓದುವಾಗಲೇ ಸಂಶೋಧನೆಗೆ ಅರ್ಜಿ ಹಾಕುವುದು ಹೇಗೆಂದು ಹೇಳಿಕೊಡುವವರು ಮಾತ್ರ ಕಡಿಮೆ.

ಅವಕಾಶಗಳು ಎಲ್ಲಿವೆ ಎಂಬುದನ್ನು ಮೊದಲು ನೋಡೋಣ. ಸಿ.ವಿ. ರಾಮನ್ 1934ರಲ್ಲಿ ಕಟ್ಟಿದ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯು ದೇಶದ ಇನ್ನೆರಡು ವಿಜ್ಞಾನ ಅಕಾಡೆಮಿಗಳ ಜೊತೆ ಸೇರಿ ಬೇಸಿಗೆ ಸಂಶೋಧನಾ ಫೆಲೋಶಿಪ್ ನಡೆಸುತ್ತದೆ. ಆಯ್ಕೆಯಾದವರನ್ನು ದೇಶದ ಬೇರೆಬೇರೆ ಸಂಸ್ಥೆಗಳ ವಿಜ್ಞಾನಿಗಳ ಬಳಿಗೆ ಕಳಿಸುತ್ತಾರೆ. ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ್ದೂ ಬೇಸಿಗೆ ಫೆಲೋಶಿಪ್ ಇದೆ. ಇಂಜಿನಿಯರಿಂಗ್ ವಿದ್ಯಾರ್ಥಿಗಳ ಕೊನೆಯ ವರ್ಷದ ಪ್ರಾಜೆಕ್ಟಿಗೆ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1977ರಿಂದಲೂ ಧನಸಹಾಯ ಕೊಡುತ್ತಾ ಬಂದಿದೆ. ಇವು ಯಾವುದೂ ದೊಡ್ಡ ಊರಿನ ಕಾಲೇಜುಗಳಿಗೆ ಮೀಸಲಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ ಕುಮಟಾ, ಹೊನ್ನಾವರದ ಕಾಲೇಜುಗಳವರೂ ವಿಟಿಯುಗೆ ಸೇರಿದ ಭಟ್ಕಳದ ಇಂಜಿನಿಯರಿಂಗ್ ವಿದ್ಯಾರ್ಥಿಗಳೂ ಇವುಗಳಿಗೆ ಅರ್ಜಿ ಹಾಕಬಹುದು.

ಈಗ ಇಂಥ ಅವಕಾಶಗಳ ಮಹತ್ವ ಇನ್ನಷ್ಟು ಹೆಚ್ಚಿದೆ. 2021ರಲ್ಲಿ ರಾಜ್ಯ ನಾಲ್ಕು ವರ್ಷದ ಆನರ್ಸ್ ಪದವಿಯನ್ನು ತಂದಾಗ, ನಾಲ್ಕನೇ ವರ್ಷದಲ್ಲಿ ಸಂಶೋಧನೆಗೆ ಜಾಗವಿತ್ತು. 2024ರಲ್ಲಿ ಸರ್ಕಾರ ಮೂರು ವರ್ಷದ ಪದವಿಗೆ ಮರಳಿತು. ಅದರ ಸರಿ ತಪ್ಪಿನ ಚರ್ಚೆ ಬೇರೆ. ವಿದ್ಯಾರ್ಥಿಯ ಪಾಲಿಗೆ ಅರ್ಥ ಇಷ್ಟೇ: ಸಂಶೋಧನೆಯ ರುಚಿ ನೋಡಬೇಕಾದರೆ ರಜೆಯಲ್ಲಿ ಅವಕಾಶ ಹುಡುಕಿಕೊಳ್ಳಬೇಕು.

ಅರ್ಜಿಯಲ್ಲಿ ಸಾಮಾನ್ಯವಾಗಿ ಮೂರು ಭಾಗ ಇರುತ್ತವೆ: ಅಂಕಪಟ್ಟಿ, ಏನು ಮಾಡಬೇಕೆಂದಿದ್ದೀರಿ ಎಂಬ ಪುಟ್ಟ ಬರಹ, ಅಧ್ಯಾಪಕರ ಶಿಫಾರಸು ಪತ್ರ. ನಮ್ಮ ಮಕ್ಕಳು ಅಂಕದಲ್ಲಿ ಹಿಂದೆ ಬಿದ್ದವರಲ್ಲ. ಸೋಲುವುದು ಎರಡನೆಯದರಲ್ಲಿ. ಹೆಚ್ಚಿನ ಬರಹಗಳು ಹೀಗಿರುತ್ತವೆ: ‘ನನಗೆ ಚಿಕ್ಕಂದಿನಿಂದಲೂ ವಿಜ್ಞಾನದಲ್ಲಿ ಅಪಾರ ಆಸಕ್ತಿ. ತಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ ಅವಕಾಶ ಕೊಟ್ಟರೆ ಶ್ರದ್ಧೆಯಿಂದ ಕೆಲಸ ಮಾಡುತ್ತೇನೆ.’ ಇದರಲ್ಲಿ ಸುಳ್ಳಿಲ್ಲ, ಆದರೆ ಬರೆದವರು ಯಾರೆಂದು ಓದುವವರಿಗೆ ತಿಳಿಯುವುದೇ ಇಲ್ಲ. ನೂರಾರು ಅರ್ಜಿಗಳಲ್ಲಿ ಇದೇ ಎರಡು ವಾಕ್ಯ ಇರುತ್ತವೆ.

ಇನ್ನೊಂದು ಬಗೆಯ ಬರಹವನ್ನು ಊಹಿಸಿಕೊಳ್ಳಿ: ‘ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಪ್ರತಿ ಅಮಾವಾಸ್ಯೆಯ ಇಳಿತದ ಹೊತ್ತಿನಲ್ಲಿ ಅಘನಾಶಿನಿ ಅಳಿವೆಯ ಒಂದೇ ಜಾಗದಲ್ಲಿ ಒಂದು ಚದರ ಮೀಟರ್ ಗುರುತು ಹಾಕಿ ಬಳಚು ಎಣಿಸಿದೆ. ಅಲ್ಲಿನ ನೀರನ್ನು ಬಾಟಲಿಯಲ್ಲಿ ತಂದು ಕಾಲೇಜಿನ ಲ್ಯಾಬಿನಲ್ಲಿ ಸಿಲ್ವರ್ ನೈಟ್ರೇಟ್ ಟೈಟ್ರೇಶನ್ ಮಾಡಿ ಉಪ್ಪಿನಂಶ ಅಳೆದೆ. ಫೆಬ್ರುವರಿಯಲ್ಲಿ ಎಣಿಕೆ ಯಾಕೆ ಇಳಿಯಿತೆಂದು ನನಗೆ ತಿಳಿಯಲಿಲ್ಲ. ತಮ್ಮ ಪ್ರಬಂಧದಲ್ಲಿರುವ ವಿಧಾನ ಕಲಿತರೆ ಇದಕ್ಕೆ ಉತ್ತರ ಹುಡುಕಬಹುದು ಅನಿಸುತ್ತದೆ.’ ಇಲ್ಲಿ ಮಾಡಿದ ಕೆಲಸವಿದೆ, ಉತ್ತರ ಸಿಗದ ಪ್ರಶ್ನೆಯಿದೆ, ಆ ವಿಜ್ಞಾನಿಯನ್ನೇ ಯಾಕೆ ಕೇಳುತ್ತಿದ್ದೇನೆಂಬ ಕಾರಣವಿದೆ. ಆಯ್ಕೆ ಮಾಡುವವರು ಹುಡುಕುವುದು ಈ ಮೂರನ್ನೇ. ಈ ಬರಹವನ್ನು ಇಂಗ್ಲಿಷಿನಲ್ಲಿ ಬರೆಯಬೇಕಾಗುತ್ತದೆ, ನಿಜ. ಚಿಕ್ಕ, ಸರಳ ವಾಕ್ಯಗಳು ಸಾಕು. ಅಲಂಕಾರದ ಇಂಗ್ಲಿಷಿಗೆ ಅಲ್ಲಿ ಅಂಕವಿಲ್ಲ.

ಇಂಥ ಪ್ರಶ್ನೆ ಹುಡುಕಲು ನಮ್ಮ ತಾಲ್ಲೂಕುಗಳಿಂದ ದೂರ ಹೋಗಬೇಕಾಗಿಲ್ಲ. ಅಘನಾಶಿನಿ ಅಳಿವೆ 2024ರಲ್ಲಿ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಅದರ ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಡೆಯುವ ಕಗ್ಗ ಭತ್ತ ಬೆಳೆಯುತ್ತದೆ. ಶರಾವತಿ ಕೊಳ್ಳದ ಕತ್ತಲೆಕಾನಿನಲ್ಲಿ ರಾಮಪತ್ರೆ ಜಡ್ಡಿಗಳಿವೆ. ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರವು ಕುಮಟಾದಲ್ಲೇ ಕ್ಷೇತ್ರ ಕೇಂದ್ರ ಇಟ್ಟುಕೊಂಡದ್ದು ಸುಮ್ಮನೆ ಅಲ್ಲ. ಕುಮಟಾದ ಡಾ. ಎ.ವಿ. ಬಾಳಿಗಾ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ಪ್ರೊ. ಎಂ.ಡಿ. ಸುಭಾಷ್ ಚಂದ್ರನ್, ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರ ಜೊತೆ ಈ ಜಿಲ್ಲೆಯ ಕಾನು, ದೇವರಕಾಡುಗಳನ್ನು ಕುರಿತು ಬರೆದ ಪ್ರಬಂಧಗಳನ್ನು ದೇಶದಾಚೆಯ ವಿದ್ವಾಂಸರೂ ಓದಿದರು. ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿದ್ದುಕೊಂಡೇ ಇಂಥ ಕೆಲಸ ಮಾಡಬಹುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಕಲಾ ವಿಭಾಗದವರಿಗೂ ಭಟ್ಕಳದ ನವಾಯತಿ ಮಾತು, ಗೇರುಸೊಪ್ಪೆಯ ಬಸದಿ, ಮಿರ್ಜಾನ್ ಕೋಟೆ ಕೈಗೆಟುಕುವ ದೂರದಲ್ಲಿವೆ.

ಶಿಫಾರಸು ಪತ್ರದ ವಿಷಯದಲ್ಲಿ ಅಧ್ಯಾಪಕರಿಗೂ ಒಂದು ಮಾತು. ‘ವಿಧೇಯ ವಿದ್ಯಾರ್ಥಿ, ನಡತೆ ಚೆನ್ನಾಗಿದೆ’ ಎಂದು ಬರೆದರೆ ಅದು ನಡತೆ ಪ್ರಮಾಣಪತ್ರವಾಗುತ್ತದೆ. ಲ್ಯಾಬಿನಲ್ಲಿ ಪ್ರಯೋಗ ಕೆಟ್ಟಾಗ ಅವನು ಏನು ಮಾಡಿದ, ತರಗತಿಯಲ್ಲಿ ಅವಳು ಕೇಳಿದ ಯಾವ ಪ್ರಶ್ನೆ ನೆನಪಿದೆ ಎಂದು ಬರೆಯಿರಿ. ವಿದ್ಯಾರ್ಥಿಗಳೂ ಕೊನೆಯ ದಿನ ಬಾಗಿಲಿಗೆ ಬಂದು ನಿಲ್ಲಬಾರದು. ತಾವು ಮಾಡಿದ ಕೆಲಸವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಎರಡು ವಾರ ಮೊದಲೇ ಕೊಡಬೇಕು.

ಹೆತ್ತವರ ಚಿಂತೆಯೂ ಸಹಜ. ಮಗಳನ್ನು ಒಬ್ಬಳೇ ಕಳಿಸುವುದು ಹೇಗೆ, ಉಳಿಯುವುದೆಲ್ಲಿ? ವಸತಿಯ ಏರ್ಪಾಡು ಒಂದೊಂದು ಸಂಸ್ಥೆಯಲ್ಲಿ ಒಂದೊಂದು ರೀತಿ. ಅರ್ಜಿ ಹಾಕುವ ಮೊದಲೇ ಪತ್ರ ಬರೆದು ಕೇಳುವುದರಲ್ಲಿ ಸಂಕೋಚ ಬೇಡ. ಸಂಜೆ ಪಂಚಗಂಗಾ ರೈಲು ಹತ್ತಿದರೆ ಬೆಳಿಗ್ಗೆ ಬೆಂಗಳೂರು. ಸೆಮಿಸ್ಟರ್ ಪರೀಕ್ಷೆ ಫೆಲೋಶಿಪ್ ದಿನಗಳ ಮೇಲೆ ಬೀಳುವುದುಂಟು. ಹಾಗಾದರೆ ತಕ್ಷಣ ಮಾರ್ಗದರ್ಶಕರಿಗೆ ತಿಳಿಸಿ, ಬೇರೆ ದಿನ ಕೇಳಬೇಕು.

ಒಂದು ಎಚ್ಚರಿಕೆ ಅಗತ್ಯ. ಹಣ ಕಟ್ಟಿಸಿಕೊಂಡು ಮನೆಯಲ್ಲೇ ಕೂತವರಿಗೆ ‘ಇಂಟರ್ನ್‌ಶಿಪ್’ ಪ್ರಮಾಣಪತ್ರ ಕಳಿಸುವವರು ಬಹಳ ಮಂದಿ ಇದ್ದಾರೆ. ಅಂಥ ಕಾಗದಕ್ಕೆ ಸಂಶೋಧನಾ ಲೋಕದಲ್ಲಿ ಬೆಲೆಯಿಲ್ಲ. ಕೆಲಸ ಕಲಿಸದೆ ದುಡ್ಡು ಕೇಳುವವರಿಂದ ದೂರವಿರಿ.

ಮೊದಲ ವರ್ಷ ಆಯ್ಕೆಯಾಗದಿದ್ದರೆ ಅದು ಅನರ್ಹತೆಯ ತೀರ್ಪಲ್ಲ. ಸೀಟು ಕಡಿಮೆ, ಅರ್ಜಿ ಹೆಚ್ಚು. ನೋಟ್‌ಪುಸ್ತಕದಲ್ಲಿ ಬರೆದಿಟ್ಟ ಎಣಿಕೆ ಮುಂದಿನ ವರ್ಷದ ಅರ್ಜಿಗೆ ಇನ್ನಷ್ಟು ಬಲ ಕೊಡುತ್ತದೆ.

ಮೂರೂ ತಾಲ್ಲೂಕುಗಳ ಪ್ರತಿ ಕಾಲೇಜೂ ಒಬ್ಬ ಅಧ್ಯಾಪಕರಿಗೆ ಇಂಥ ಅರ್ಜಿಗಳ ಹೊಣೆ ವಹಿಸಲಿ. ಬೇಸಿಗೆಯ ಅರ್ಜಿಗಳಿಗೆ ಸಾಮಾನ್ಯವಾಗಿ ಹಿಂದಿನ ಅಕ್ಟೋಬರ್‌ನಿಂದ ಜನವರಿಯೊಳಗೇ ಗಡುವು ಮುಗಿಯುತ್ತದೆ. ಆದ್ದರಿಂದ ದಸರಾ ರಜೆ ಮುಗಿದ ಕೂಡಲೇ ನೋಟಿಸ್ ಬೋರ್ಡಿನಲ್ಲಿ ಪಟ್ಟಿ ಹಚ್ಚಲಿ. ವಿದ್ಯಾರ್ಥಿಗಳು ಅಷ್ಟರೊಳಗೆ ತಮ್ಮ ಊರಿನ ಒಂದು ಪ್ರಶ್ನೆಯನ್ನು ಹಿಡಿದು ಕೆಲಸ ಶುರು ಮಾಡಲಿ.