ಪರದೇಶದ ದುಡಿಮೆ, ಊರಿನ ಪಾಸ್‌ಬುಕ್

ಕೆಲ ತಿಂಗಳ ಹಿಂದಿನ ಮಾತು. ನಮ್ಮ ಓಣಿಯ ತಾಯಿಯೊಬ್ಬರು ಪ್ಲಾಸ್ಟಿಕ್ ಚೀಲದ ತುಂಬ ಕಾಗದ ಹಿಡಿದು ಮನೆಗೆ ಬಂದರು. ‘ತಮ್ಮಾ, ಇದರಾಗ ಏನ್ ಬರದಾರ, ಒಂಚೂರು ಓದಿ ಹೇಳಪ್ಪಾ’ ಎಂದರು. ಅವರಿಗೆ ಕನ್ನಡ ಚೆನ್ನಾಗಿ ಓದಲು ಬರುತ್ತದೆ. ಆದರೆ ಬ್ಯಾಂಕಿನ ಕಾಗದ ಇದ್ದದ್ದು ಮರಾಠಿ ಮತ್ತು ಇಂಗ್ಲಿಷಿನಲ್ಲಿ. ಕೆವೈಸಿ ಕಾಗದ ಹೊಸದಾಗಿ ಕೊಟ್ಟಿಲ್ಲ, ಆದ್ದರಿಂದ ಖಾತೆಯ ವ್ಯವಹಾರ ನಿಲ್ಲಿಸಲಾಗಿದೆ ಎಂಬುದು ಅದರ ಸಾರಾಂಶ.

ಖಾತೆ ಮಗನದು. ಮಗ ನಾಲ್ಕು ವರ್ಷದಿಂದ ದುಬೈನಲ್ಲಿದ್ದಾನೆ. ತಿಂಗಳಾ ತಪ್ಪದೆ ಹಳೆಯ ಉಳಿತಾಯ ಖಾತೆಗೇ ಪಗಾರ ಹಾಕುತ್ತ ಬಂದಿದ್ದ. ತಾಯಿಯ ಕೈಯಲ್ಲಿ ಅವನ ಎಟಿಎಂ ಕಾರ್ಡು, ತಂದೆಯ ಫೋನಿನಲ್ಲಿ ಅವನ ಸಿಮ್ಮು. ಇಷ್ಟೇ ವ್ಯವಸ್ಥೆ. ಅದೇ ವಾರ ತಂದೆಗೆ ಎದೆನೋವು ಬಂದು ಸೊಲ್ಲಾಪುರದ ಆಸ್ಪತ್ರೆಗೆ ಸೇರಿಸಿದ್ದರು. ಖಾತೆಯಲ್ಲಿ ರೊಕ್ಕ ಇತ್ತು, ಆ ರೊಕ್ಕ ಅವರ ಮಗನದೇ ಆಗಿತ್ತು. ಆದರೂ ಆಸ್ಪತ್ರೆಗೆ ಕಟ್ಟಲು ಅವರು ಬಡ್ಡಿಗೆ ಸಾಲ ತರಬೇಕಾಯಿತು.

ಇದು ಒಂದು ಮನೆಯ ಕಥೆ ಎಂದು ಬಿಡುವಂತಿಲ್ಲ. ಅಕ್ಕಲಕೋಟ, ದುಧನಿ, ಮೈಂದರ್ಗಿ, ಜತ್ತ, ಉಮದಿ ಕಡೆಯ ಹುಡುಗರು ಈಗ ಮುಂಬೈ, ಪುಣೆಗೆ ಹೋದಷ್ಟೇ ಸಲೀಸಾಗಿ ದುಬೈ, ಮಸ್ಕತ್, ರಿಯಾದ್‌ಗೆ ಹೋಗುತ್ತಿದ್ದಾರೆ. ಇಂಜಿನಿಯರಿಂಗ್ ಓದಿದವರು ಜರ್ಮನಿಯ ಮಾತಾಡುತ್ತಾರೆ. ಹೊರಡುವ ಹೊತ್ತಿಗೆ ನಾವು ಕೇಳುವುದು ಪಗಾರ ಎಷ್ಟು, ವೀಸಾ ಬಂತಾ, ಟಿಕೆಟ್ ಯಾರು ಕೊಟ್ಟರು ಎಂದು. ಚೀಲದಲ್ಲಿ ಕಡಕ ರೊಟ್ಟಿ, ಶೇಂಗಾ ಚಟ್ನಿ ಮರೆಯದೆ ಇಡುತ್ತೇವೆ. ಬ್ಯಾಂಕಿನ ಖಾತೆ ಏನಾಗಬೇಕು, ಅಲ್ಲಿ ಮನೆಯ ಕರಾರು ಯಾರ ಹೆಸರಿಗೆ, ಗಾಡಿ ಯಾವ ಲೈಸನ್ಸ್ ಮೇಲೆ ಎಂಬ ಮೂರು ಮಾತನ್ನು ಯಾರೂ ಕೇಳುವುದಿಲ್ಲ. ಕಷ್ಟ ಬರುವುದು ಈ ಮೂರರಲ್ಲೇ.

ಮೊದಲು ಬ್ಯಾಂಕು. 2000ನೇ ಇಸವಿಯ ಜೂನ್ 1ರಿಂದ ಜಾರಿಯಲ್ಲಿರುವ ಫೆಮಾ ಕಾಯ್ದೆಯ ಪ್ರಕಾರ ನೌಕರಿಗಾಗಿ ದೇಶ ಬಿಟ್ಟವನು ಅನಿವಾಸಿ. ಅವನು ಊರಿನ ಸಾಮಾನ್ಯ ಉಳಿತಾಯ ಖಾತೆಯನ್ನು ಹಾಗೇ ನಡೆಸುವಂತಿಲ್ಲ. ಬ್ಯಾಂಕಿಗೆ ತಿಳಿಸಿ ಅದನ್ನು ಎನ್‌ಆರ್‌ಒ ಖಾತೆಯಾಗಿ ಬದಲಾಯಿಸಿಕೊಳ್ಳಬೇಕು. ಪರದೇಶದಲ್ಲಿ ದುಡಿದದ್ದನ್ನು ಹಾಕಲು ಎನ್‌ಆರ್‌ಇ ಎಂಬ ಬೇರೆ ಖಾತೆ ತೆಗೆಯಬೇಕು. ಎರಡಕ್ಕೂ ಇರುವ ಅಂತರ ನಮ್ಮ ಹೊಲದ ಲೆಕ್ಕದಷ್ಟೇ ಸರಳ. ಊರಿನ ಆದಾಯ, ಅಂದರೆ ಮನೆ ಬಾಡಿಗೆ, ಹೊಲದ ಪೀಕಿನ ರೊಕ್ಕ ಎನ್‌ಆರ್‌ಒಗೆ. ಹೊರಗಿನ ಪಗಾರ ಎನ್‌ಆರ್‌ಇಗೆ. ಎನ್‌ಆರ್‌ಇ ಬಡ್ಡಿಗೆ ಇಲ್ಲಿ ಆದಾಯ ತೆರಿಗೆ ಇಲ್ಲ, ಅಸಲನ್ನು ಯಾವಾಗ ಬೇಕಾದರೂ ಹೊರಗೆ ಒಯ್ಯಬಹುದು. ಎನ್‌ಆರ್‌ಒ ಬಡ್ಡಿಗೆ ಶೇಕಡಾ 30ರಷ್ಟು ತೆರಿಗೆ, ಮೇಲೆ ಸೆಸ್ಸು, ಮೊದಲೇ ಕಡಿತವಾಗುತ್ತದೆ.

ಇಲ್ಲಿ ಒಂದು ತಪ್ಪೊಪ್ಪಿಗೆ ಬರೆಯಲೇಬೇಕು. ಬಿ.ಕಾಂ. ಓದಿ, ನಾಲ್ಕು ಮಂದಿಗೆ ಲೆಕ್ಕ ಬರೆದುಕೊಡುವ ಈ ಬರಹಗಾರನೇ ತನ್ನ ಭಾವನಿಗೆ ‘ಹಳೇ ಖಾತೆ ಇರಲಿ ಬಿಡ್ರಿ, ಯಾರು ನೋಡ್ತಾರ’ ಎಂದಿದ್ದ. ನೋಡುತ್ತಾರೆ. ಫೆಮಾ ಉಲ್ಲಂಘನೆಗೆ ವ್ಯವಹಾರದ ಮೊತ್ತದ ಮೂರು ಪಟ್ಟಿನವರೆಗೆ ದಂಡ ಹಾಕುವ ಅವಕಾಶ ಕಾಯ್ದೆಯಲ್ಲಿದೆ. ಸಾಮಾನ್ಯ ಜನರ ಮೇಲೆ ಅಷ್ಟು ದೂರ ಹೋಗುವುದು ಅಪರೂಪ ಇರಬಹುದು. ಆದರೆ ಕೆವೈಸಿ ಎಂಬ ಬಾಗಿಲು ಒಂದು ದಿನ ಮುಚ್ಚಿಕೊಂಡರೆ ತೆರೆಯಲು ಮಗನೇ ಬೇಕು. ಭಾವನ ಖಾತೆ ಸರಿಪಡಿಸಲು ಆರು ತಿಂಗಳು ಹಿಡಿಯಿತು.

ತಾಯಿ ತಂದೆ ಅಥವಾ ಹೆಂಡತಿ ಇಲ್ಲಿ ರೊಕ್ಕ ತೆಗೆಯಲು ನೇರ ದಾರಿ ಇದೆ. ಎನ್‌ಆರ್‌ಇ ಖಾತೆಯಲ್ಲಿ ಊರಿನ ಹತ್ತಿರದ ಸಂಬಂಧಿಯನ್ನು ‘ಮೊದಲಿನವರು ಅಥವಾ ಉಳಿದವರು’ ಎಂಬ ಷರತ್ತಿನ ಮೇಲೆ ಜಂಟಿಯಾಗಿ ಸೇರಿಸಬಹುದು. ಅವರಿಗೆ ಅಧಿಕಾರ ಪತ್ರ ಬರೆದುಕೊಟ್ಟರೆ ಊರಿನ ಖರ್ಚಿಗೆ ಚೆಕ್ ಬರೆಯಬಹುದು, ರೊಕ್ಕ ತೆಗೆಯಬಹುದು. ಎಟಿಎಂ ಕಾರ್ಡು ಕೊಟ್ಟು ಪಿನ್ನು ಬರೆದಿಟ್ಟು ಹೋಗುವುದಕ್ಕಿಂತ ಇದು ಎಷ್ಟೋ ಮೇಲು. ನಾಮಿನಿ ಹೆಸರನ್ನೂ ನೋಡಿಕೊಳ್ಳಬೇಕು. 2025ರ ನವೆಂಬರ್ 1ರಿಂದ ಒಂದು ಖಾತೆಗೆ ನಾಲ್ಕು ಮಂದಿಯವರೆಗೆ ನಾಮಿನಿ ಬರೆಸಲು ಅವಕಾಶ ಬಂದಿದೆ. ಮದುವೆಗೆ ಮುಂಚೆ ಬರೆಸಿದ ತಂದೆಯ ಹೆಸರೇ ಇದ್ದು, ತಂದೆಯೇ ತೀರಿಕೊಂಡಿರುವ ಖಾತೆಗಳನ್ನು ನಾವು ಕಂಡಿದ್ದೇವೆ.

ಸಿಮ್ಮಿನ ಮಾತು ಚಿಕ್ಕದಲ್ಲ. ಒಟಿಪಿ ಬರುವ ನಂಬರು 90 ದಿನ ಬಳಕೆಯಾಗದಿದ್ದರೆ ಬಂದಾಗಬಹುದು, ಮುಂದೆ ಬೇರೆಯವರ ಕೈಗೂ ಹೋಗಬಹುದು. ತಂದೆಯ ಫೋನಿನಲ್ಲಿ ಇಟ್ಟರೆ ‘ಬ್ಯಾಂಕಿನಿಂದ ಮಾತಾಡ್ತೀವಿ’ ಎನ್ನುವ ಕಳ್ಳರಿಗೆ ಅವರೇ ಒಟಿಪಿ ಓದಿ ಹೇಳುವ ಭಯ. 2023ರಿಂದ ಯುಎಇ, ಸೌದಿ, ಒಮಾನ್, ಕತಾರ್ ಸೇರಿ ಕೆಲ ದೇಶಗಳ ಮೊಬೈಲ್ ನಂಬರಿನ ಮೇಲೆಯೇ ಎನ್‌ಆರ್‌ಇ, ಎನ್‌ಆರ್‌ಒ ಖಾತೆಗೆ ಯುಪಿಐ ಜೋಡಿಸಲು ಅನುಮತಿ ಇದೆ. ನಿಮ್ಮ ಬ್ಯಾಂಕಿನಲ್ಲಿ ಆ ಸೌಲಭ್ಯ ಉಂಟೋ ಇಲ್ಲವೋ ಕೇಳಿ. ಮೋಸವಾದರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು.

ನಮ್ಮ ಕಡೆಯ ಇನ್ನೊಂದು ರೂಢಿ, ಪತಸಂಸ್ಥೆ. ಹತ್ತಿರದ್ದು, ಪರಿಚಯದವರದು, ಬಡ್ಡಿ ತುಸು ಜಾಸ್ತಿ ಎಂದು ಮಗ ಕಳಿಸಿದ್ದನ್ನೆಲ್ಲ ಅಲ್ಲಿಗೆ ಸುರಿಯುವವರಿದ್ದಾರೆ. ಬ್ಯಾಂಕು ಮುಳುಗಿದರೆ ಒಬ್ಬ ಠೇವಣಿದಾರನಿಗೆ 5 ಲಕ್ಷ ರೂಪಾಯಿವರೆಗೆ ವಿಮೆ ಇದೆ. 2020ರ ಫೆಬ್ರವರಿಯಲ್ಲಿ ಒಂದು ಲಕ್ಷದಿಂದ ಅಷ್ಟಕ್ಕೆ ಏರಿಸಿದರು. ಸಹಕಾರಿ ಬ್ಯಾಂಕಿಗೂ ಆ ವಿಮೆ ಉಂಟು. ಪತಸಂಸ್ಥೆಯ ಠೇವಣಿಗೆ ಆ ವಿಮೆ ಇಲ್ಲ. ಎಲ್ಲ ಪತಸಂಸ್ಥೆಯೂ ಕೆಟ್ಟದ್ದೆಂದು ನಮ್ಮ ಮಾತಲ್ಲ. ಮರುಭೂಮಿಯ ಬಿಸಿಲಲ್ಲಿ ದುಡಿದ ಗಂಟು ಎಲ್ಲಿದೆ, ಅದಕ್ಕೆ ಕಾವಲು ಏನಿದೆ ಎಂದು ತಿಳಿದು ಇಡಿ ಎಂಬುದಷ್ಟೇ. ಹುಂಡಿಯವರ ಕೈಗೆ ದಿರ್ಹಮ್ ಕೊಟ್ಟು ಊರಲ್ಲಿ ರೂಪಾಯಿ ಪಡೆಯುವುದು ಕಾನೂನುಬಾಹಿರ. ನಾಳೆ ಮನೆ ಸಾಲಕ್ಕೆ ಹೋದಾಗ ಆ ಗಳಿಕೆಗೆ ಒಂದು ಚೂರು ದಾಖಲೆಯೂ ಇರುವುದಿಲ್ಲ.

ಎರಡನೆಯದು ಮನೆ. ಪರದೇಶದ ಮನೆ ಮತ್ತು ಊರಿನ ಮನೆ, ಎರಡೂ. ದುಬೈನಲ್ಲಿ ಬಾಡಿಗೆ ವರ್ಷದ ಲೆಕ್ಕ. ಮುಂದಿನ ತಾರೀಖಿನ ಚೆಕ್ಕುಗಳನ್ನು ಮೊದಲೇ ಬರೆದುಕೊಡುವುದು ಅಲ್ಲಿಯ ರೂಢಿ. ಕರಾರನ್ನು ‘ಇಜಾರಿ’ ಎಂಬ ಸರ್ಕಾರಿ ವ್ಯವಸ್ಥೆಯಲ್ಲಿ ದಾಖಲಿಸಬೇಕು. ಸೌದಿಯಲ್ಲಿ ಇಂಥದ್ದೇ ‘ಇಜಾರ್’ ಇದೆ. ಆ ದಾಖಲೆ ಇಲ್ಲದೆ ಹೆಂಡತಿ ಮಕ್ಕಳ ವೀಸಾ, ವಿದ್ಯುತ್, ನೀರಿನ ಕೆಲಸ ತೊಡಕಾಗುತ್ತದೆ. ಆದರೆ ನಮ್ಮ ಹುಡುಗರಲ್ಲಿ ಹೆಚ್ಚಿನವರು ಇರುವುದು ಒಂದು ಕೋಣೆಯಲ್ಲಿ ಹಾಸಿಗೆ ಲೆಕ್ಕದ ಬಾಡಿಗೆಗೆ. ಕರಾರಿನಲ್ಲಿ ಅವರ ಹೆಸರೇ ಇರುವುದಿಲ್ಲ. ಕರಾರು ಮಾಡಿದವನು ಬಾಡಿಗೆ ಕಟ್ಟದೆ ಊರಿಗೆ ಹೊರಟುಹೋದರೆ ಉಳಿದವರ ಗಂಟುಮೂಟೆ ಹೊರಗೆ. ಇದಕ್ಕಿಂತ ಅಪಾಯ, ಗೆಳೆಯನ ಬಾಡಿಗೆಗೆ ತನ್ನ ಚೆಕ್ ಬರೆದುಕೊಡುವುದು. ಯುಎಇಯಲ್ಲಿ 2022ರ ಜನವರಿಯಿಂದ ಖಾತೆಯಲ್ಲಿ ಹಣ ಇಲ್ಲದೆ ವಾಪಸಾದ ಚೆಕ್ಕಿಗೆ ಮೊದಲಿನಂತೆ ಜೈಲಿನ ಕೇಸು ಸಾಮಾನ್ಯವಾಗಿ ಇಲ್ಲ, ನಿಜ. ಆದರೆ ವಂಚನೆಗೆ ಶಿಕ್ಷೆ ಇದ್ದೇ ಇದೆ. ಚೆಕ್ ಹಿಡಿದವನು ನೇರವಾಗಿ ಜಾರಿ ನ್ಯಾಯಾಲಯಕ್ಕೆ ಹೋಗಿ ವಸೂಲಿಗೆ ಹಾಕಬಹುದು. ಪ್ರಯಾಣ ನಿರ್ಬಂಧ ಬಿದ್ದರೆ ಅಪ್ಪನ ಮಣ್ಣಿಗೂ ಬರಲಾಗದು.

ಜರ್ಮನಿಗೆ ಹೋದವರಿಗೆ ಬೇರೆ ರೀತಿ. ಮನೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಣಿ ಮಾಡಿಸಬೇಕು. ಮುಂಗಡ ಮೂರು ತಿಂಗಳ ಮೂಲ ಬಾಡಿಗೆಗಿಂತ ಹೆಚ್ಚು ಕೇಳುವಂತಿಲ್ಲ, ಅದನ್ನೂ ಮೂರು ಕಂತಿನಲ್ಲಿ ಕೊಡಬಹುದು. ಇಷ್ಟು ಗೊತ್ತಿದ್ದರೆ ಊರಲ್ಲಿ ಬಂಗಾರ ಅಡವಿಟ್ಟು ಒಮ್ಮೆಗೇ ಕಳಿಸುವ ಪ್ರಸಂಗ ಬರುವುದಿಲ್ಲ.

ಊರಿನ ಮನೆಯ ಕಥೆ ಹೀಗಿದೆ. ಮಗ ಸೊಲ್ಲಾಪುರದಲ್ಲಿ ಫ್ಲ್ಯಾಟ್ ತಗೊಂಡ, ಪರಿಚಯದವರಿಗೆ ಬಾಯಿಮಾತಿನ ಮೇಲೆ ಕೊಟ್ಟ. ಮಹಾರಾಷ್ಟ್ರದ 1999ರ ಬಾಡಿಗೆ ನಿಯಂತ್ರಣ ಕಾಯ್ದೆಯಂತೆ ಲೀವ್ ಅಂಡ್ ಲೈಸನ್ಸ್ ಕರಾರು ಬರವಣಿಗೆಯಲ್ಲಿದ್ದು ನೋಂದಣಿಯಾಗಬೇಕು. ನೋಂದಣಿಯ ಹೊಣೆ ಮಾಲೀಕನದು. ಅದು ಇಲ್ಲದಿದ್ದರೆ ಷರತ್ತಿನ ಬಗ್ಗೆ ಬಾಡಿಗೆದಾರ ಹೇಳಿದ್ದೇ, ಬೇರೆ ರುಜುವಾತು ಆಗುವವರೆಗೆ, ನಡೆಯುತ್ತದೆ. ಅನಿವಾಸಿ ಮಾಲೀಕನಿಗೆ ಬಾಡಿಗೆ ಕೊಡುವವರು ತೆರಿಗೆ ಮುರಿದುಕೊಂಡೇ ಕೊಡಬೇಕು ಎಂಬುದೂ ಬಹಳ ಮಂದಿಗೆ ತಿಳಿದಿಲ್ಲ.

ಹೊಲದ ವಿಷಯದಲ್ಲಂತೂ ಎಚ್ಚರ ಬೇಕು. ಅನಿವಾಸಿ ಭಾರತೀಯ ಮನೆ, ಅಂಗಡಿ ಕೊಳ್ಳಬಹುದು. ಕೃಷಿ ಭೂಮಿ, ತೋಟ, ತೋಟದ ಮನೆ ಕೊಳ್ಳುವಂತಿಲ್ಲ. ಹಿರಿಯರಿಂದ ಬಂದ ಹೊಲ, ಹೋಗುವ ಮುಂಚೆ ಇದ್ದ ಹೊಲ ಇಟ್ಟುಕೊಳ್ಳಬಹುದು. ‘ನಾಲ್ಕು ಎಕರೆ ಮಗನ ಹೆಸರಿಗೇ ಆಗಲಿ’ ಎಂಬ ಪ್ರೀತಿಯಿಂದ ಸಾತಬಾರಾ ಉತಾರಾದಲ್ಲಿ ಹೆಸರು ಏರಿಸಿದರೆ ಮುಂದೆ ಅವನಿಗೇ ಕುತ್ತು. ಇನ್ನು ಅಲ್ಲಿಂದ ಕಳಿಸುವ ಮುಖ್ತಿಯಾರ ಪತ್ರ. ಭಾರತದ ರಾಯಭಾರ ಕಚೇರಿ ಅಥವಾ ಕಾನ್ಸುಲೇಟಿನಲ್ಲಿ ದೃಢೀಕರಿಸಿ ಕಳಿಸಿದ ಮೇಲೂ ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಸ್ಟ್ಯಾಂಪ್ ಶುಲ್ಕ ಕಟ್ಟಿಸಬೇಕು. ಕಪಾಟಿನಲ್ಲಿ ಒಂದು ವರ್ಷ ಮಲಗಿಸಿ ತಲಾಠಿ ಮುಂದೆ ಒಯ್ದರೆ ಕೆಲಸಕ್ಕೆ ಬರುವುದಿಲ್ಲ.

ಮೂರನೆಯದು ಗಾಡಿ. ನಮ್ಮಲ್ಲಿ ಟ್ರ್ಯಾಕ್ಟರ್, ಜೀಪು, ಟೆಂಪೊ ಓಡಿಸಿ ಪಳಗಿದವರು ಅಲ್ಲಿ ಡ್ರೈವರ್ ಕೆಲಸಕ್ಕೆಂದೇ ಹೋಗುತ್ತಾರೆ. ಅಲ್ಲಿ ಸ್ಟೀರಿಂಗ್ ಎಡಕ್ಕೆ, ರಸ್ತೆಯ ಬಲಬದಿಯ ಓಟ. ಕೆಲವು ದೇಶಗಳವರಿಗೆ ತಮ್ಮ ಲೈಸನ್ಸ್ ತೋರಿಸಿ ಯುಎಇ ಲೈಸನ್ಸ್ ಪಡೆಯುವ ಸೌಲಭ್ಯವಿದೆ, ಆ ಪಟ್ಟಿಯಲ್ಲಿ ನಮ್ಮ ದೇಶ ಇಲ್ಲ. ತರಗತಿ, ಪರೀಕ್ಷೆ ಎಲ್ಲ ಹೊಸದಾಗಿ. ಕೆಲವು ಸಾವಿರ ದಿರ್ಹಮ್ ಖರ್ಚು, ನಪಾಸಾದಷ್ಟೂ ಮತ್ತೆ ಶುಲ್ಕ. ಆದರೂ ಊರಿನ ಲೈಸನ್ಸ್ ಬೆಲೆಯಿಲ್ಲದ್ದಲ್ಲ. ದುಬೈನಲ್ಲಿ ಹಳೆಯ ಲೈಸನ್ಸ್ ಇದ್ದವರಿಗೆ ಕಡ್ಡಾಯ ತರಗತಿಯ ತಾಸುಗಳು ಕಡಿಮೆ. ಹಾಗಾಗಿ ಅದು ಸಾಯದಂತೆ ನೋಡಿಕೊಳ್ಳಬೇಕು. 2019ರ ತಿದ್ದುಪಡಿಯ ಪ್ರಕಾರ ಅವಧಿ ಮುಗಿಯುವ ಒಂದು ವರ್ಷ ಮುಂಚೆ ಅಥವಾ ಮುಗಿದ ಒಂದು ವರ್ಷದೊಳಗೆ ನವೀಕರಣಕ್ಕೆ ಅರ್ಜಿ ಹಾಕಬಹುದು. ಅದೂ ದಾಟಿದರೆ ಮತ್ತೆ ಪರೀಕ್ಷೆ.

ಆರ್‌ಟಿಒದಲ್ಲಿ ಸಿಗುವ ಅಂತರರಾಷ್ಟ್ರೀಯ ಪರವಾನಗಿ ಒಂದು ವರ್ಷದ್ದು, ಪ್ರವಾಸಿಗೆ ಸರಿ. ಯುಎಇಯ ವಾಸದ ವೀಸಾ ಕೈಗೆ ಬಂದ ಮೇಲೆ ಅದು ನಡೆಯುವುದಿಲ್ಲ. ಜರ್ಮನಿಯಲ್ಲಿ ವಾಸ ಹೂಡಿದ ಮೇಲೆ ಊರಿನ ಲೈಸನ್ಸ್ ಆರು ತಿಂಗಳಷ್ಟೇ. ‘ಒಂದು ರೌಂಡು ಹೊಡ್ಕೊಂಡು ಬಾ’ ಎಂದು ಗೆಳೆಯ ಕೀಲಿ ಕೊಟ್ಟಾಗ ಇದು ನೆನಪಿರಬೇಕು. ಲೈಸನ್ಸ್ ಇಲ್ಲದೆ ಅಪಘಾತ ಮಾಡಿದರೆ ವಿಮೆ ಕೈಬಿಡಬಹುದು. ಜೀವಹಾನಿಯಾದರೆ ‘ದಿಯಾ’ ಎಂಬ ದೊಡ್ಡ ಪರಿಹಾರ ಓಡಿಸಿದವನ ಕೊರಳಿಗೆ. ಅದನ್ನು ಊರಿನ ಹೊಲ ಮಾರಿಯೂ ತೀರಿಸಲಾಗದು.

ಇಷ್ಟೆಲ್ಲ ಬರೆದದ್ದು ಹೆದರಿಸಲಿಕ್ಕಲ್ಲ. ಇವು ಗುಟ್ಟಿನ ವಿಷಯಗಳಲ್ಲ, ಎಲ್ಲ ಬರೆದಿಟ್ಟ ನಿಯಮಗಳೇ. ನಮ್ಮ ಜನಕ್ಕೆ ಮುಟ್ಟುವುದಿಲ್ಲ, ಕಾರಣ ಭಾಷೆ. ಬ್ಯಾಂಕಿನ ಫಾರ್ಮು ಇಂಗ್ಲಿಷ್, ಹಿಂದಿ, ಮರಾಠಿಯಲ್ಲಿರುತ್ತದೆ. ಮರಾಠಿ ನಮಗೆ ಅನ್ಯವಲ್ಲ, ಸಂತೆಯ ಭಾಷೆ, ನೆರೆಯವರ ಭಾಷೆ, ಈ ಬರಹಗಾರನ ಮನೆಯಲ್ಲೂ ಅರ್ಧ ಮಾತು ಮರಾಠಿಯೇ. ಆದರೆ ಕನ್ನಡ ಶಾಲೆಯಲ್ಲಿ ಓದಿದ ಐವತ್ತು ದಾಟಿದ ತಾಯಿಗೆ ಕಾನೂನಿನ ಮರಾಠಿ ಬರುವುದಿಲ್ಲ. ಭಾಷಾ ಅಲ್ಪಸಂಖ್ಯಾತರು ಶೇಕಡಾ 15ರಷ್ಟೋ ಅದಕ್ಕಿಂತ ಹೆಚ್ಚೋ ಇರುವ ಕಡೆ ಮುಖ್ಯ ಸರ್ಕಾರಿ ಪ್ರಕಟಣೆಗಳನ್ನು ಅವರ ಭಾಷೆಯಲ್ಲೂ ಕೊಡಬೇಕೆಂಬುದು ಹಳೆಯ ಒಪ್ಪಂದ. ಗಡಿ ತಾಲ್ಲೂಕುಗಳ ಬ್ಯಾಂಕ್ ಶಾಖೆಗಳೂ ಅದೇ ದಾರಿ ಹಿಡಿದು ಅನಿವಾಸಿ ಖಾತೆ, ನಾಮಿನಿ, ಕೆವೈಸಿ ಬಗ್ಗೆ ಒಂದು ಪುಟದ ಕನ್ನಡ ತಿಳಿವಳಿಕೆ ಪತ್ರ ಇಡಲಿ. ಇದಕ್ಕೆ ಕೋಟಿ ರೂಪಾಯಿ ಬೇಡ, ಮನಸ್ಸು ಬೇಕು. ಬ್ಯಾಂಕಿಗೆ ಬರೆದುಕೊಟ್ಟ ದೂರಿಗೆ ಒಂದು ತಿಂಗಳಾದರೂ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗಬಹುದು. ಮಾಹಿತಿಗೆ 14448 ನಂಬರಿದೆ, ಅಲ್ಲಿ ಕನ್ನಡದಲ್ಲೂ ಮಾತಾಡಬಹುದು.

ನಾವೂ ಸುಮ್ಮನೆ ಕೂಡುವುದು ಬೇಡ. ರಾಜ್ಯೋತ್ಸವಕ್ಕೆ ಮಂಟಪ ಹಾಕುವ ಕನ್ನಡ ಸಂಘಗಳು ತಿಂಗಳಿಗೊಂದು ಭಾನುವಾರ ಕನ್ನಡ ಶಾಲೆಯ ಒಂದು ಕೋಣೆ ತೆರೆಯಲಿ. ನಿವೃತ್ತ ಮಾಸ್ತರರು ಒಬ್ಬರು, ಬ್ಯಾಂಕಿನಲ್ಲಿದ್ದವರು ಒಬ್ಬರು ಎರಡು ತಾಸು ಕೂತರೆ ಸಾಕು. ಕಾಗದ ಓದಿ ಹೇಳುವುದೂ ಕನ್ನಡದ ಕೆಲಸವೇ. ಈ ಬರಹಗಾರ ಮೊದಲ ಭಾನುವಾರ ಬರಲು ತಯಾರಿದ್ದಾನೆ, ಈ ಸಲ ತಪ್ಪು ಸಲಹೆ ಕೊಡದೆ.

ಆ ತಾಯಿಯ ಮಗ ಹತ್ತು ದಿನದ ರಜೆ ಹಾಕಿ ಬಂದ. ಖಾತೆ ಬದಲಾಯಿಸಿದ, ತಾಯಿಗೆ ಅಧಿಕಾರ ಪತ್ರ ಕೊಟ್ಟ, ಹೆಂಡತಿಯನ್ನು ನಾಮಿನಿ ಮಾಡಿದ. ತಂದೆ ಮನೆಗೆ ಬಂದಿದ್ದಾರೆ, ಕಟ್ಟೆಯ ಮೇಲೆ ಕೂಡುತ್ತಾರೆ. ಸಾಲದ ಬಡ್ಡಿ ಮಾತ್ರ ಇನ್ನೂ ಹರಿದಿಲ್ಲ. ಮೊನ್ನೆ ಆ ತಾಯಿ ಸಿಕ್ಕು, ‘ಮೊದಲೇ ಯಾರರೇ ಹೇಳಿದ್ದರ ಈ ಬಡ್ಡಿ ಕಟ್ಟೂದು ತಪ್ಪತಿತ್ತು ನೋಡು’ ಎಂದರು. ಅದಕ್ಕೇ ಇಷ್ಟು ಬರೆದದ್ದು. ಇವತ್ತು ರಾತ್ರಿ ಮಗನ ಫೋನ್ ಬಂದಾಗ ಊಟ ಆಯ್ತಾ ಎಂದು ಕೇಳಿದ ಮೇಲೆ ಇದನ್ನೂ ಕೇಳಿ: ನಿನ್ನ ಖಾತೆ ಯಾವುದಪ್ಪಾ, ಮನೆಯ ಕರಾರು ಯಾರ ಹೆಸರಿಗೆ, ಲೈಸನ್ಸ್ ಯಾವಾಗ ಮುಗಿಯುತ್ತದೆ?