ಮುಳುಗಡೆ ಸೀಮೆಗೆ ಬಾರದ ಕ್ಯಾಮೆರಾ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್‌ಗೇಟ್ ಕೊಚ್ಚಿಹೋದಾಗ ಸುದ್ದಿವಾಹಿನಿಗಳೆಲ್ಲ ಅಣೆಕಟ್ಟೆಯ ಮುಂದೆ ನೆರೆದವು. ತಾತ್ಕಾಲಿಕ ಗೇಟ್ ಕೂರಿಸಿ ನೀರು ನಿಲ್ಲಿಸಿದ ಮೇಲೆ ಹೊರಟುಹೋದವು. ಸುದ್ದಿಯ ಕೆಲಸ ಅಷ್ಟೇ, ಅದನ್ನು ದೂರಬೇಕಿಲ್ಲ. ಆದರೆ ಅದೇ ನೀರಿನ ಹಿಂಬದಿಗೆ, ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಹಂಪಸಾಗರದ ಸೀಮೆಯಲ್ಲಿ, ಎಪ್ಪತ್ತು ವರ್ಷಗಳ ಮುಳುಗಡೆಯ ಬದುಕಿದೆ. ಅದನ್ನು ಕೇಳಿಸಿಕೊಳ್ಳಲು ವರ್ಷಗಟ್ಟಲೆ ಊರಲ್ಲಿ ಬೀಡುಬಿಡುವ ಸಾಕ್ಷ್ಯಚಿತ್ರಕಾರರು ಬೇಕು. ಅವರನ್ನು ಸಾಕುವ ವ್ಯವಸ್ಥೆ ನಮ್ಮಲ್ಲಿಲ್ಲ.

1945ರಲ್ಲಿ ಶಂಕುಸ್ಥಾಪನೆಯಾದ ಅಣೆಕಟ್ಟೆಯಿಂದ ಕಾಲುವೆಗೆ ಮೊದಲ ನೀರು ಹರಿದದ್ದು 1953ರಲ್ಲಿ. ಹತ್ತಾರು ಹಳ್ಳಿಗಳು ಮುಳುಗಿದವು. ನಾರಾಯಣದೇವರಕೆರೆ ಎಂಬ ದೊಡ್ಡ ಊರು ನೀರಿನ ಪಾಲಾಯಿತು, ಅಲ್ಲಿನ ಜನ ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ಮುಂದೆ ಅದೇ ಮರಿಯಮ್ಮನಹಳ್ಳಿ ರಂಗಭೂಮಿಗೆ ಹೆಸರಾಯಿತು. ಜಾನಪದ ಅಕಾಡೆಮಿಯ ಅಧ್ಯಕ್ಷೆಯಾಗಿದ್ದ, ಪದ್ಮಶ್ರೀ ಪಡೆದ ಮಂಜಮ್ಮ ಜೋಗತಿ ಅವರ ಕಲೆ ಬೆಳಗಿದ್ದೂ ಅಲ್ಲಿಂದಲೇ. ನೆಲ ಕಳಕೊಂಡು ಬಂದವರ ಊರಿಗೆ ನಾಟಕ ಹೇಗೆ ಒಲಿಯಿತು? ಇದೊಂದು ಪ್ರಶ್ನೆಗೇ ಒಂದು ಸಾಕ್ಷ್ಯಚಿತ್ರ ಬೇಕು. ಬೇಸಿಗೆಯಲ್ಲಿ ನೀರು ಸರಿದ ಮೇಲೆ ಹಿನ್ನೀರಿನ ನೆಲದಲ್ಲಿ ಬಿತ್ತುವವರದು, ಬಲೆ ಬೀಸುವವರದು ಬೇರೆಯೇ ಕಥೆ. 1953ರಲ್ಲಿ ಹತ್ತು ವರ್ಷದವರಾಗಿದ್ದ ಮಕ್ಕಳಿಗೆ ಈಗ ಎಂಬತ್ತು ದಾಟಿದೆ.

1948ರಲ್ಲಿ ಹುಟ್ಟಿದ ಕೇಂದ್ರ ಸರ್ಕಾರದ ಸಾಕ್ಷ್ಯಚಿತ್ರ ಸಂಸ್ಥೆ ಫಿಲ್ಮ್ಸ್ ಡಿವಿಷನ್‌ಗೆ ಅಣೆಕಟ್ಟೆಗಳೆಂದರೆ ಹೆಮ್ಮೆಯ ವಿಷಯವಾಗಿತ್ತು. ಗೋಡೆ ಎದ್ದದ್ದನ್ನು ತೋರಿಸಿದಷ್ಟು ಊರು ಮುಳುಗಿದ್ದನ್ನು ತೋರಿಸಲಿಲ್ಲ. ಆದರೂ ಆ ಸಂಸ್ಥೆಯ ಒಂದು ಗುಣ ಮರೆಯಬಾರದು: ಅದರ ಚಿತ್ರಗಳು ಕನ್ನಡದಲ್ಲೂ ಬರುತ್ತಿದ್ದವು, ಸಿನಿಮಾಕ್ಕೆ ಮುಂಚೆ ಅವನ್ನು ಹಾಕುವುದು ಟಾಕೀಸುಗಳಿಗೆ ಕಡ್ಡಾಯವಿತ್ತು. ಗಿರೀಶ ಕಾರ್ನಾಡರು ಬೇಂದ್ರೆಯವರ ಮೇಲೆ, ಕನಕ–ಪುರಂದರರ ಮೇಲೆ ಸಾಕ್ಷ್ಯಚಿತ್ರ ಮಾಡಿದ್ದು ಸಾರ್ವಜನಿಕ ಹಣ ಈ ಮಾಧ್ಯಮಕ್ಕೆ ಸಿಗುತ್ತಿದ್ದ ಕಾಲದಲ್ಲಿ. 2022ರಲ್ಲಿ ಆ ಸಂಸ್ಥೆ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮವಾದ ಎನ್ಎಫ್‌ಡಿಸಿಯಲ್ಲಿ ವಿಲೀನವಾಯಿತು.

ವಿಚಿತ್ರವೆಂದರೆ ಭಾರತದ ಸಾಕ್ಷ್ಯಚಿತ್ರಕ್ಕೆ ಹೊರಗೆ ಇಷ್ಟು ಮನ್ನಣೆ ಹಿಂದೆಂದೂ ಇರಲಿಲ್ಲ. ‘ಆಲ್ ದಟ್ ಬ್ರೀದ್ಸ್’ 2022ರಲ್ಲಿ ಸನ್‌ಡಾನ್ಸ್ ಮತ್ತು ಕಾನ್ ಎರಡರಲ್ಲೂ ಗೆದ್ದಿತು, 2023ರಲ್ಲಿ ‘ದಿ ಎಲಿಫೆಂಟ್ ವಿಸ್ಪರರ್ಸ್’ ಆಸ್ಕರ್ ತಂದಿತು. ನನಗೆ ಇದು ಸಂತೋಷದ ಸಂಗತಿಯೇ. ಆದರೆ ಇಂಥ ಚಿತ್ರಗಳ ಹಣದಲ್ಲಿ ದೊಡ್ಡ ಪಾಲು ವಿದೇಶಿ ನಿಧಿಗಳಿಂದ, ಒಟಿಟಿ ಕಂಪನಿಗಳಿಂದ ಬರುತ್ತದೆ. ಯಾವ ಕಥೆ ದೂರದ ನೋಡುಗರಿಗೆ ತಟ್ಟುತ್ತದೆಂಬ ಲೆಕ್ಕವೂ ಜೊತೆಗೇ ಬರುತ್ತದೆ. ಉತ್ತರ ಕರ್ನಾಟಕದ ದೇವದಾಸಿಯರನ್ನು ಪರದೇಶದ ಕ್ಯಾಮೆರಾಗಳು ಮತ್ತೆಮತ್ತೆ ಹುಡುಕಿಕೊಂಡು ಬಂದಿವೆ, ಮಾಡಿದ ಚಿತ್ರ ಆ ಹೆಂಗಸರ ಕೇರಿಗೆ ಮರಳಿದ್ದು ಅಪರೂಪ.

ಕನ್ನಡಿಗರು ನೋಡುವುದಿಲ್ಲ ಎಂಬ ನೆಪ ನಿಲ್ಲದು. 2020ರಲ್ಲಿ ‘ವೈಲ್ಡ್ ಕರ್ನಾಟಕ’ ಸಾಕ್ಷ್ಯಚಿತ್ರ ಚಿತ್ರಮಂದಿರಗಳಿಗೇ ಬಂತು, ಜನ ಟಿಕೆಟ್ ಕೊಂಡು ನೋಡಿದರು. ಕೇರಳದ ಚಲನಚಿತ್ರ ಅಕಾಡೆಮಿ ಸಾಕ್ಷ್ಯಚಿತ್ರ, ಕಿರುಚಿತ್ರಗಳಿಗೆಂದೇ 2008ರಿಂದ ತಿರುವನಂತಪುರದಲ್ಲಿ ಅಂತರರಾಷ್ಟ್ರೀಯ ಉತ್ಸವ ನಡೆಸುತ್ತಿದೆ. ನಮ್ಮ ಕರ್ನಾಟಕ ಚಲನಚಿತ್ರ ಅಕಾಡೆಮಿ ಹುಟ್ಟಿದ್ದು 2009ರಲ್ಲಿ. ಅದು ನಡೆಸುವ ಬೆಂಗಳೂರು ಚಿತ್ರೋತ್ಸವದ ಏಷ್ಯಾ, ಭಾರತೀಯ, ಕನ್ನಡ ಸ್ಪರ್ಧೆಗಳಲ್ಲಿ ಕಥಾಚಿತ್ರಗಳದ್ದೇ ರಾಜ್ಯಭಾರ.

ಹಣವಿಲ್ಲ ಎಂಬ ಮಾತನ್ನು ಹಂಪಸಾಗರವಿರುವ ಈ ಜಿಲ್ಲೆಯಲ್ಲಂತೂ ಒಪ್ಪಲಾಗದು. ಸಂವಿಧಾನದ 371(ಜೆ) ವಿಧಿಯ ವ್ಯಾಪ್ತಿಯ ವಿಜಯನಗರ ಜಿಲ್ಲೆಗೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯಿದೆ. ರಸ್ತೆ, ಕಟ್ಟಡದ ಅನುದಾನದ ಅತಿ ಸಣ್ಣ ಚೂರೊಂದನ್ನು ಎತ್ತಿಟ್ಟರೂ ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿಗೆ ವರ್ಷಕ್ಕೊಂದೊಂದು ಚಿತ್ರ ಮಾಡಿಸಬಹುದು. ನಿರ್ದೇಶಕರಲ್ಲಿ ಒಬ್ಬರಾದರೂ ಆಯಾ ತಾಲ್ಲೂಕಿನ ಹುಡುಗನೋ ಹುಡುಗಿಯೋ ಆಗಿರಲಿ. ಕತ್ತರಿಸಿ ಉಳಿದ ದೃಶ್ಯ, ಧ್ವನಿಯೆಲ್ಲ ಜಿಲ್ಲೆಯಲ್ಲೇ ಇರುವ ಹಂಪಿ ಕನ್ನಡ ವಿಶ್ವವಿದ್ಯಾಲಯಕ್ಕೆ ಸೇರಲಿ. ಮೊದಲ ಪ್ರದರ್ಶನ ಚಿತ್ರೀಕರಿಸಿದ ಊರಲ್ಲೇ ಆಗಬೇಕೆಂಬ ಷರತ್ತು ಇರಲಿ, ಮುಳುಗಡೆಯ ಚಿತ್ರವಾದರೆ ಹಂಪಸಾಗರದಲ್ಲಿ. ಬರುವ ಬಜೆಟ್ಟಿನಲ್ಲೇ ಇದು ಶುರುವಾಗಬೇಕು. ಹಳೆಯ ಊರನ್ನು ಕಣ್ಣಾರೆ ಕಂಡವರು ಇನ್ನೂ ಹತ್ತು ವರ್ಷ ಇರುತ್ತಾರೆಂದು ಯಾವ ಇಲಾಖೆಯೂ ಲೆಕ್ಕ ಹಾಕುವಂತಿಲ್ಲ.